ಹರಿದ ಅಕ್ಷರದ ಅರ್ಥ

ಅಚ್ಚಿನ ಅಂದವೆಂದರೆ ಸಾಲು ನೆಟ್ಟಗಿರುವದು, ಅಂಚು ಸಮವಾಗಿರುವದು, ಮೊಳೆ ಸವೆಯದಿರುವದು ಎಂದು ನಾವು ರೂಢಿಯಿಂದ ತಿಳಿದಿರುವೆವು. ೧೯೭೬ರ ಸುಮಾರಿಗೆ ಇಂಗ್ಲಂಡದಲ್ಲಿ ತಲೆಯೆತ್ತಿದ ಪಂಕ್ ಸಂಗೀತದವರು ಈ ರೂಢಿಯನ್ನು ಬೇಕೆಂದೇ ಮುರಿದರು. ಅವರ ಹರಿದ ಕಾಗದ, ಓರೆ ಅಕ್ಷರ, ಮಸಿ ಮೆತ್ತಿದ ಪಟಗಳನ್ನು ಕಂಡು ಹುಡುಗಾಟಿಕೆಯೆಂದು ಜರಿಯುವವರುಂಟು. ಹೊಸದೆಂಬ ಮಾತ್ರಕ್ಕೆ ತಲೆದೂಗುವವರೂ ಉಂಟು. ಎರಡೂ ಅವಸರದ ತೀರ್ಪುಗಳು. ಒಂದು ರೂಪವು ಯಾವ ಅವಶ್ಯಕತೆಯಿಂದ ಹುಟ್ಟಿತೆಂಬದನ್ನು ಅರಿತ ಬಳಿಕವೇ ಅದರ ಗುಣದೋಷಗಳನ್ನು ಎಣಿಸಬೇಕು.

ಈ ಕಲೆಯಲ್ಲಿ ಅಗ್ರಗಣ್ಯನು ಜೇಮಿ ರೀಡ (೧೯೪೭–೨೦೨೩). ೧೯೭೭ರಲ್ಲಿ ಎಲಿಝಬೆತ್ ರಾಣಿಯು ಪಟ್ಟವೇರಿದ ಇಪ್ಪತ್ತೈದನೆಯ ವರ್ಷದ ಉತ್ಸವವು ನಡೆದಾಗ ‘ಸೆಕ್ಸ್ ಪಿಸ್ಟಲ್ಸ್’ ಎಂಬ ಮೇಳದ ಗ್ರಾಮೋಫೋನ ತಟ್ಟೆಗೆ ಆತನು ಹೊದಿಕೆಯನ್ನು ರಚಿಸಿದನು. ರಾಣಿಯ ಗಂಭೀರವಾದ ಭಾವಚಿತ್ರ. ಕಣ್ಣು ಬಾಯಿಗಳ ಮೇಲೆ ಹರಿದ ಪಟ್ಟಿಗಳು. ಅವುಗಳಲ್ಲಿ ಒಂದೊಂದು ಅಳತೆಯ ಅಕ್ಷರಗಳು. ಬೆದರಿಕೆಯ ಪತ್ರ ಕಳಿಸುವವನು ಗುರುತು ಮರೆಸಲು ಪತ್ರಿಕೆಯ ಅಕ್ಷರಗಳನ್ನು ಕತ್ತರಿಸಿ ಅಂಟಿಸುವ ಉಪಾಯವಿದು. ಅರಸೊತ್ತಿಗೆಯು ತನ್ನ ವೈಭವಕ್ಕಾಗಿ ಹರಡಿದ ಪಟವನ್ನೇ ಅದರ ವಿರುದ್ಧ ತಿರುಗಿಸಿದುದರಲ್ಲಿ ಈ ಚಿತ್ರದ ಸತ್ತ್ವವಿದೆ.

ಈ ತಿರುಗಿಸುವ ವಿದ್ಯೆಗೆ ಹಿರಿಯರಿದ್ದರು. ಜರ್ಮನಿಯ ಜಾನ್ ಹಾರ್ಟ್‌ಫೀಲ್ಡನು ೧೯೩೦ರ ದಶಕದಲ್ಲಿ ಫೋಟೋಗಳನ್ನು ಕತ್ತರಿಸಿ ಜೋಡಿಸಿ ಹಿಟ್ಲರನನ್ನು ಬಯಲಿಗೆಳೆದನು. ಗೀ ದೆಬೋರ ಮೊದಲಾದವರ ‘ಸಿಚುಯೇಶನಿಸ್ಟ’ ಸಂಘವು (೧೯೫೭–೧೯೭೨) ಆಳುವವರ ಚಿತ್ರಗಳನ್ನು ಕಸಿದು ಅರ್ಥ ಬದಲಿಸುವದನ್ನೇ ಒಂದು ತತ್ತ್ವವಾಗಿಸಿತು. ೧೯೭೪ರಲ್ಲಿ ಆ ಸಂಘದ ಲೇಖನಗಳ ಸಂಕಲನವು ಇಂಗ್ಲೀಷಿನಲ್ಲಿ ಹೊರಟಾಗ ಅದರ ವಿನ್ಯಾಸವನ್ನು ಮಾಡಿದವನು ರೀಡನೇ.

ಇದು ಪರದೇಶದ ಮಾತೆಂದು ನಮ್ಮ ದಿಗ್ಗೇವಾಡಿಯ ಸೀಮೆಯ ವಾಚಕರು ಕೈಬಿಡಬಾರದು. ನಮ್ಮ ನೆರೆಯ ಕೊಲ್ಹಾಪುರದ ಶಾಹೂ ಮಹಾರಾಜರು ೧೯೨೦ರಲ್ಲಿ ಅಂಬೇಡಕರರ ‘ಮೂಕನಾಯಕ’ ಪತ್ರಿಕೆಗೆ ೨,೫೦೦ ರೂಪಾಯಿಗಳ ನೆರವನ್ನಿತ್ತರು. ಅದೇ ಕೊಲ್ಹಾಪುರದಲ್ಲಿ ಹುಟ್ಟಿದ ಕವಿ, ಚಿತ್ರವಿನ್ಯಾಸಕ ಅರುಣ ಕೊಲಟಕರರು ೧೯೫೪ರಲ್ಲಿ ಗೆಳೆಯರೊಡನೆ ‘ಶಬ್ದ’ವೆಂಬ ಮರಾಠಿ ಕಿರುಪತ್ರಿಕೆಯನ್ನು ಸೈಕ್ಲೋಸ್ಟೈಲ್ ಯಂತ್ರದಲ್ಲಿ ತೆಗೆದರು. ೧೯೭೨ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ ಸಂಘಟನೆಯನ್ನು ಕಟ್ಟಿದ ನಾಮದೇವ ಢಸಾಳ, ರಾಜಾ ಢಾಲೆ ಇವರೂ ಇಂಥ ಕಿರುಪತ್ರಿಕೆಗಳ ಬಳಗದವರೇ. ದೊಡ್ಡ ಪತ್ರಿಕೆಗಳು ಎಡೆಗೊಡದ ಮಾತಿಗೆ ಅಗ್ಗದ ಕಾಗದವು ಎಡೆಗೊಟ್ಟಿತು. ಲಂಡನ್ನಿನಲ್ಲಿ ಮಾರ್ಕ ಪೆರಿಯೆಂಬ ಬ್ಯಾಂಕಿನ ಕಾರಕೂನನು ೧೯೭೬ರಲ್ಲಿ ಟೈಪು ಮಾಡಿ, ತಲೆಬರಹಗಳನ್ನು ಕೈಯಿಂದ ಗೀಚಿ ‘ಸ್ನಿಫಿನ್ ಗ್ಲೂ’ ಪತ್ರಿಕೆಯನ್ನು ತೆಗೆದುದು ಈ ಜಾತಿಯ ಕೆಲಸವೇ.

ಆದುದರಿಂದ ಈ ಕಲೆಯ ಹಿರಿಮೆಯು ಓರೆತನದಲ್ಲಿಲ್ಲ. ಅಚ್ಚುಕೂಟದ ಒಡೆಯನಲ್ಲದವನೂ ಮಾತಾಡಬಹುದೆಂದು ತೋರಿಸಿದುದರಲ್ಲಿದೆ. ಅದರ ಕುಂದೂ ಇಲ್ಲಿಂದಲೇ ಹುಟ್ಟುವದು. ಅವಶ್ಯಕತೆ ಹೋಗಿ ಅಲಂಕಾರ ಉಳಿದರೆ ಬಂಡಾಯವು ಸರಕಾಗುವದು. ಕಣ್ಣು ಮುಚ್ಚಿದ ಆ ರಾಣಿಯ ಚಿತ್ರವು ಇಂದು ಅಂಗಿಗಳ ಮೇಲೆ ಅಚ್ಚಾಗಿ ಮಾರಾಟಕ್ಕಿದೆ.

ಇದನ್ನು ಕನ್ನಡಕ್ಕೆ ತರಬಯಸುವ ತರುಣರು ಇನ್ನೊಂದನ್ನೂ ಗಮನಿಸಬೇಕು. ರೋಮನ್ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುವವು; ಒಂದೊಂದನ್ನೇ ಕತ್ತರಿಸಬಹುದು. ನಮ್ಮ ಅಕ್ಷರಕ್ಕೆ ಗುಣಿತವು ಅಂಟಿರುವದು, ಒತ್ತು ಕೆಳಗೆ ತೂಗುವದು. ಕತ್ತರಿಯು ತುಸು ತಪ್ಪಿದರೆ ಪದವೇ ಬೇರೆಯಾಗುವದು. ಗಣಕಯಂತ್ರದಲ್ಲಿ ಸಿದ್ಧವಾಗಿ ದೊರೆಯುವ ಹರುಕು ಮಾದರಿಯನ್ನು ಎತ್ತಿಕೊಳ್ಳುವದರಿಂದ ಈ ಕಷ್ಟವು ತೀರದು. ನಮ್ಮ ಲಿಪಿಯ ಮೈಕಟ್ಟನ್ನು ಬಲ್ಲವನೇ ಅದನ್ನು ಅರ್ಥ ಕೆಡದಂತೆ ಮುರಿಯಬಲ್ಲನು.

ಮುಂದೆ ಇಂಥದೊಂದು ಭಿತ್ತಿಪತ್ರವು ಕಣ್ಣಿಗೆ ಬಿದ್ದಾಗ, ಅದು ಚೆಲುವೋ ಕುರೂಪವೋ ಎಂದು ಕೇಳುವ ಮೊದಲು, ಈವರೆಗೆ ಬಾಯಿಲ್ಲದ ಯಾರಿಗೆ ಅದು ಬಾಯಿಯನ್ನಿತ್ತಿದೆಯೆಂದು ವಿಚಾರಿಸುವದು ರಸಿಕರ ಕರ್ತವ್ಯವು.