ಸಾವಿರ ಗಂಟೆ: ಕಳೆದದ್ದು ಎಲ್ಲಿ?

ಆಕ್ಯುಪೇಷನಲ್ ಥೆರಪಿ, ಅಂದರೆ ವೃತ್ತಿ ಚಿಕಿತ್ಸೆ ಕಲಿಯುವವರು ಕನಿಷ್ಠ 1000 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆಯಬೇಕೆಂಬುದು ವಿಶ್ವ ವೃತ್ತಿ ಚಿಕಿತ್ಸಕರ ಒಕ್ಕೂಟದ ಮಾನದಂಡ. 1952ರಲ್ಲಿ ಈ ಒಕ್ಕೂಟವನ್ನು ಕಟ್ಟಿದ ದೇಶಗಳಲ್ಲಿ ಭಾರತವೂ ಒಂದು. ಪಠ್ಯಕ್ರಮ ಸ್ಥಳೀಯ ಪರಿಸರಕ್ಕೆ ಹೊಂದಬೇಕೆಂದು 2016ರ ಪರಿಷ್ಕೃತ ಮಾನದಂಡ ಹೇಳುತ್ತದೆ, ನಿಜ. ಆದರೆ ಗಂಟೆ ಎಣಿಸುವುದು ಸುಲಭ. ಹೊಂದಿಕೆಯನ್ನು ಅಳೆಯುವುದು ಕಷ್ಟ.

ಒಂದು ಉದಾಹರಣೆ ಗಮನಿಸಿ. ಪಾರ್ಶ್ವವಾಯು ಪೀಡಿತ ಮಹಿಳೆಯೊಬ್ಬರು ಆಸ್ಪತ್ರೆಯಲ್ಲಿ ಎತ್ತರದ ಮಂಚದಿಂದ ಏಳಲು, ಕಮೋಡಿನ ಮೇಲೆ ಕೂರಲು ಕಲಿಯುತ್ತಾರೆ. ವಿದ್ಯಾರ್ಥಿಗೆ ಪೂರ್ಣ ಅಂಕ! ಮನೆಯಲ್ಲಿರುವುದೋ ನೆಲದ ಮೇಲಿನ ಚಾಪೆ, ಕುಕ್ಕರಗಾಲಿನಲ್ಲಿ ಕೂರಬೇಕಾದ ಶೌಚಾಲಯ, ಎತ್ತರದ ಹೊಸ್ತಿಲು. 'ಇನ್ನು ನೀವು ಅಡುಗೆಮನೆಗೆ ಬರುವುದೇ ಬೇಡ' ಎಂದು ಮನೆಯವರು ಕಾಳಜಿಯಿಂದಲೇ ಹೇಳಿಬಿಟ್ಟರೆ, ಕೈಗೆ ಮರಳಿದ ಚಲನೆಗೆ ಕೆಲಸವೇ ಇಲ್ಲ. ಕೀಲಿನ ಬಾಗುವಿಕೆಯನ್ನು ಅಳೆಯುವ ಕೋನಮಾಪಕಕ್ಕೆ ಇದು ಕಾಣುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇತರ ಸಂಸ್ಥೆಗಳೊಡನೆ ಹೊರತಂದ ಸಮುದಾಯ ಆಧಾರಿತ ಪುನರ್ವಸತಿ ಮಾರ್ಗಸೂಚಿಯು ಆರೋಗ್ಯದ ಜೊತೆಗೆ ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು ಹಾಗೂ ಸಬಲೀಕರಣವನ್ನೂ ಒಳಗೊಂಡಿದೆ. ಇವನ್ನು ಒಂದು ದಿನದ ಶಿಬಿರದಲ್ಲಿ ಕಲಿಸಲಾಗದು. ಅದೇ ಮನೆಗೆ ಮತ್ತೆ ಮತ್ತೆ ಹೋಗಬೇಕು. ಜೊತೆಗೆ ಅನುಭವಿ ಚಿಕಿತ್ಸಕರೂ ಬೇಕು. ನೀವು ಅಧ್ಯಾಪಕರಾಗಿದ್ದರೆ, ವಿದ್ಯಾರ್ಥಿಯ ದಾಖಲೆ ಪುಸ್ತಕದಲ್ಲಿ ಗಂಟೆಗಳ ಪಕ್ಕಕ್ಕೆ ಸ್ಥಳವನ್ನೂ, ಅಲ್ಲಿಗೆ ಎಷ್ಟನೆಯ ಭೇಟಿ ಎಂಬುದನ್ನೂ ಬರೆಸಿ ನೋಡಿ.