ಅಳದ ತಾಯಿಯ ಅಪರಾಧ

ಮಧ್ಯ ಆಸ್ಟ್ರೇಲಿಯದ ಮರುಭೂಮಿಯಲ್ಲಿ, ಈಗ ಉಲೂರು ಎಂಬ ತನ್ನ ಮೂಲನಾಮದಿಂದ ಪ್ರಸಿದ್ಧವಾಗಿರುವ, ಆಗ ಬಿಳಿಯರು ಏಯರ್ಸ್ ರಾಕ್ ಎಂದು ಕರೆಯುತ್ತಿದ್ದ ಕೆಂಪು ಮಹಾಶಿಲೆಯ ಬುಡದಲ್ಲಿ, 1980ರ ಆಗಸ್ಟ್ 17ರ ರಾತ್ರಿ, ಅಜೇರಿಯ ಎಂಬ ಒಂಬತ್ತು ವಾರದ ಹೆಣ್ಣುಕೂಸು ಪ್ರವಾಸಿಗರ ಗುಡಾರದೊಳಗಿಂದ ಕಾಣೆಯಾಯಿತು. ತಂದೆ ಮೈಕೇಲ್ ಚೇಂಬರ್ಲೇನ್ ಕ್ವೀನ್ಸ್‌ಲೆಂಡಿನ ಮೌಂಟ್ ಐಸಾ ಎಂಬ ಗಣಿಯ ಊರಿನಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಪಾದ್ರಿ, ತಾಯಿ ಲಿಂಡಿ. ಡಿಂಗೊ ಎಂಬ ಕಾಡುನಾಯಿ ಕೂಸನ್ನು ಕಚ್ಚಿಕೊಂಡು ಹೋಯಿತೆಂದು ಆಕೆ ಕೂಗಿಕೊಂಡಳು. ಆ ಕೂಗನ್ನು ಕೇಳಿ ಅಡಿಗೆಯನ್ನೂ ಬೆಂಕಿಯನ್ನೂ ಬಿಟ್ಟು ಎದ್ದುಬಂದ ಸುಮಾರು 300 ಮಂದಿ, ಒಬ್ಬರ ಪಕ್ಕದಲ್ಲೊಬ್ಬರು ಸಾಲುಗಟ್ಟಿ, ಕೈದೀಪಗಳನ್ನು ಹಿಡಿದು, ಮುಳ್ಳುಹುಲ್ಲಿನ ಮರಳುದಿಬ್ಬಗಳನ್ನು ಕತ್ತಲೆಯಲ್ಲೇ ಶೋಧಿಸಿದರು. ಮರಳಿನ ಮೇಲಿನ ಗುರುತುಗಳನ್ನು ಓದಬಲ್ಲ ಆದಿವಾಸಿ ಪಥಶೋಧಕರು, ಭಾರ ಹೊತ್ತ ನಾಯಿಯೊಂದು ಆ ಹಾದಿಯಲ್ಲಿ ಹೋಗಿರುವುದನ್ನು ಗುರುತಿಸಿದರು. ಆ ರಾತ್ರಿ ಅಲ್ಲಿದ್ದವರಲ್ಲಿ ತಾಯಿಯ ಮಾತನ್ನು ಸಂದೇಹಿಸಿದವರು ಇಲ್ಲವೆಂದೇ ಹೇಳಬಹುದು.

ಕಾಣೆಯಾದ ಮಗುವಿನ ವಿಷಯದಲ್ಲಿ ಲೋಕವು ತೋರುವ ಕಳಕಳಿಯೂ, ಅದರ ಬೆನ್ನಿಗೇ ಹಬ್ಬುವ ಊಹಾಪೋಹವೂ ಒಂದೇ ಮನೋವೃತ್ತಿಯ ಎರಡು ಅವಸ್ಥೆಗಳೆಂದೂ, ಮರುಕವೇ ಮೇರೆಮೀರಿ ಊಹೆಯಾಗುವುದರಿಂದ ಅದು ಕ್ಷಮಾರ್ಹವೆಂದೂ ಭಾವಿಸುವ ವಾಡಿಕೆಯುಂಟು. ಈ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ನೋಡಿದವರಿಗೆ ಆ ಮತವನ್ನು ಒಪ್ಪುವುದು ಕಷ್ಟವಾದೀತು. ಮರುಕ ತೋರಿದವರು ಸ್ಥಳದಲ್ಲಿದ್ದವರು. ಊಹೆ ಹೆಣೆದವರು ಸಿಡ್ನಿ ಮೆಲ್ಬರ್ನ್‌ಗಳ ಊಟದ ಮೇಜುಗಳ ಸುತ್ತ, ಹೆಂಡದಂಗಡಿಗಳ ಕಟ್ಟೆಗಳ ಮೇಲೆ, ಸಾವಿರಕ್ಕೂ ಹೆಚ್ಚು ಮೈಲಿಗಳ ಆಚೆ ಕುಳಿತಿದ್ದವರು. ಸ್ಥಳದಿಂದ ದೂರವಾದಷ್ಟೂ ಜನರ ಸಂದೇಹ ಬಲಿಯಿತು, ಬಲಿತಷ್ಟೂ ಅದಕ್ಕೆ ನಿಶ್ಚಯದ ಧ್ವನಿ ಬಂದಿತು.

ಆ ಊಹೆಗಳ ಸಾಮಗ್ರಿ ಎಷ್ಟು ಕ್ಷುದ್ರವಾಗಿತ್ತೆಂಬುದನ್ನು ಇಂದು ಓದಿದರೆ ನಗು ಬರುವಂತಿದೆ. ಒಬ್ಬ ತಾಯಿಯ ಬದುಕು ಅದರಿಂದ ಹಾಳಾಗದಿದ್ದರೆ ನಗಲೂ ಬಹುದಿತ್ತು. ಕೂಸಿಗೆ ಕಪ್ಪು ಬಟ್ಟೆ ತೊಡಿಸಿದ್ದಳಂತೆ. ಅದರ ಹೆಸರಿಗೆ ಅರಣ್ಯದಲ್ಲಿ ಕೊಡುವ ಬಲಿ ಎಂಬ ಅರ್ಥವಿದೆಯಂತೆ (ಹಾಗೇನೂ ಇಲ್ಲ). ಪಾದ್ರಿಯ ಮನೆಯಲ್ಲಿ ಒಂದು ಪುಟ್ಟ ಬಿಳಿಯ ಶವಪೆಟ್ಟಿಗೆ ಇದೆಯಂತೆ. ಪೆಟ್ಟಿಗೆಯೇನೋ ಇದ್ದುದು ನಿಜ, ಧೂಮಪಾನವನ್ನು ಬಿಡಿಸುವ ಬೋಧನೆಯಲ್ಲಿ ಆತ ಅದನ್ನು ಪ್ರದರ್ಶನಕ್ಕೆ ಬಳಸುತ್ತಿದ್ದ. ಶನಿವಾರವನ್ನು ಸಬ್ಬತ್ತೆಂದು ಆಚರಿಸುವ, ನೆರೆಹೊರೆಯವರಿಗೆ ಅಷ್ಟಾಗಿ ಪರಿಚಯವಿಲ್ಲದ ಒಂದು ಸಣ್ಣ ಪಂಥದವರು ಅವರಾಗಿದ್ದುದು ಈ ಎಲ್ಲ ಗುಸುಗುಸುವಿಗೆ ಗೊಬ್ಬರವಾಯಿತು.

ಆದರೆ ಲಿಂಡಿಯ ಮೇಲಿದ್ದ ಮುಖ್ಯ ಆರೋಪ ಇವಾವುವೂ ಅಲ್ಲ. ಆಕೆ ಸಾಕಷ್ಟು ಅಳಲಿಲ್ಲ ಎಂಬುದು ಆ ಆರೋಪ. ದೂರದರ್ಶನದ ಕ್ಯಾಮೆರಾಗಳ ಮುಂದೆ ಆಕೆ ಒಣಗಣ್ಣಿನಿಂದ ನಿಂತು, ಡಿಂಗೊ ತನ್ನ ಬೇಟೆಯ ಚರ್ಮವನ್ನು ಹೇಗೆ ಸುಲಿಯುತ್ತದೆಂಬುದನ್ನು ಸಹ ಶಾಂತವಾಗಿ ವಿವರಿಸಿದಳು. ನ್ಯಾಯಾಲಯಕ್ಕೆ ಬರುವಾಗ ಅಚ್ಚುಕಟ್ಟಾಗಿ ಉಡುತ್ತಿದ್ದಳು. ದುಃಖಕ್ಕೆ ಲೋಕವು ಒಂದು ಅಭಿನಯಶಾಸ್ತ್ರವನ್ನು ರಚಿಸಿಟ್ಟುಕೊಂಡಿದೆ. ಅದರಲ್ಲಿ ವಿಧಿಸಿರುವ ಅನುಭಾವಗಳು ಮುಖದಲ್ಲಿ ತೋರದಿದ್ದರೆ ಸ್ಥಾಯೀಭಾವವೇ ಇಲ್ಲವೆಂದು ಪ್ರೇಕ್ಷಕರು ತೀರ್ಮಾನಿಸಿಬಿಡುತ್ತಾರೆ. ರಂಗಭೂಮಿಯಲ್ಲಿ ಈ ತೀರ್ಮಾನ ನ್ಯಾಯವೇ ಸರಿ, ಏಕೆಂದರೆ ಅಲ್ಲಿ ನಟಿಯು ನಮಗಾಗಿ ಅಳುತ್ತಾಳೆ. ಮಗುವನ್ನು ಕಳೆದುಕೊಂಡವಳು ನಮಗಾಗಿ ಅಳಬೇಕೆಂದು ಕೇಳುವ ಅಧಿಕಾರ ನಮಗೆ ಯಾರಿಂದ ಬಂದಿತು? ಆಕೆ ಅತ್ತಿದ್ದರೂ ನಟನೆಯೆಂದೇ ಹೇಳುತ್ತಿದ್ದ ಜನರೂ ಇವರೇ.

ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮರಣ ವಿಚಾರಣೆ ನಡೆಸಿದ ಡೆನಿಸ್ ಬ್ಯಾರಿಟ್ ಎಂಬ ಅಧಿಕಾರಿ, ತಂದೆತಾಯಿಗಳು ನಿರ್ದೋಷಿಗಳೆಂದೂ ಕೂಸನ್ನು ಡಿಂಗೊ ಒಯ್ದಿತೆಂದೂ ನಿರ್ಣಯಿಸಿ, ವದಂತಿಗಳ ಬಾಯಿಯನ್ನು ಒಂದೇ ಸಲಕ್ಕೆ ಮುಚ್ಚಬೇಕೆಂಬ ಸದುದ್ದೇಶದಿಂದ, 1981ರ ಫೆಬ್ರವರಿಯಲ್ಲಿ ತನ್ನ ನಿರ್ಣಯವನ್ನು ದೂರದರ್ಶನದ ನೇರ ಪ್ರಸಾರದಲ್ಲಿ ಓದಿದನು. ಆ ದೇಶದಲ್ಲಿ ಹಿಂದೆಂದೂ ಹಾಗೆ ನಡೆದಿರಲಿಲ್ಲ. ಅವನ ಸದುದ್ದೇಶವನ್ನು ಗೌರವಿಸಬೇಕು, ಅವನ ಲೋಕಜ್ಞಾನವನ್ನಲ್ಲ. ಅಲ್ಲಿಯವರೆಗೆ ಕಿವಿಯಿಂದ ಕಿವಿಗೆ ಹೋಗುತ್ತಿದ್ದ ಕಥೆ ಆ ದಿನದಿಂದ ಮನೆಮನೆಯ ನಾಟಕವಾಯಿತು, ನಾಟಕಕ್ಕೆ ಎರಡನೆಯ ಅಂಕ ಬೇಕೆಂಬ ಹಸಿವೂ ಹುಟ್ಟಿತು.

ಎರಡನೆಯ ಅಂಕವನ್ನು ಒದಗಿಸಿದವರು ವಿಜ್ಞಾನಿಗಳು. ಇಲ್ಲಿ ನಾವು ತುಸು ನಿಧಾನಿಸಬೇಕು, ಏಕೆಂದರೆ ಊಹಾಪೋಹವೆಂಬುದು ಅರಳಿಕಟ್ಟೆಯ ವ್ಯಾಧಿ, ವಿದ್ಯಾವಂತರಿಗೆ ಅದು ತಗಲದು ಎಂಬ ಸಮಾಧಾನ ನಮ್ಮಲ್ಲಿ ಬಲವಾಗಿದೆ. ಘಟನೆಯಾದ ಒಂದು ವಾರಕ್ಕೆ ಬಂಡೆಯ ಬಳಿ ಸಿಕ್ಕಿದ ಕೂಸಿನ ಉಡುಪನ್ನು ಲಂಡನ್ನಿನಲ್ಲಿ ಪರೀಕ್ಷಿಸಿದ ಪ್ರೊಫೆಸರ್ ಜೇಮ್ಸ್ ಕೆಮರಾನ್, ಕತ್ತು ಕೊಯ್ದ ಲಕ್ಷಣ ಅದರಲ್ಲಿದೆಯೆಂದು ಅಭಿಪ್ರಾಯಪಟ್ಟನು. ಚೇಂಬರ್ಲೇನರ ಕಾರಿನಲ್ಲಿ ಶಿಶುರಕ್ತದ ಕಲೆಗಳಿವೆಯೆಂದು ಸರ್ಕಾರದ ಜೀವವಿಜ್ಞಾನಿ ಸಾಕ್ಷ್ಯ ನುಡಿದಳು. ಮೊದಲಿನ ನಿರ್ಣಯ ರದ್ದಾಯಿತು. ತಾಯಿ ಕಾರಿನ ಮುಂದಿನ ಆಸನದಲ್ಲಿ, ಹತ್ತೇ ನಿಮಿಷಗಳ ಬಿಡುವಿನಲ್ಲಿ ಕೂಸನ್ನು ಕೊಂದು, ದೇಹವನ್ನು ಕ್ಯಾಮೆರಾ ಚೀಲದಲ್ಲಿ ಅಡಗಿಸಿ, ಏನೂ ಆಗದವಳಂತೆ ಬೆಂಕಿಯ ಬಳಿಗೆ ಮರಳಿದಳೆಂದು ಸರ್ಕಾರಿ ಪಕ್ಷ ವಾದಿಸಿತು. ಶವವಿಲ್ಲ, ಆಯುಧವಿಲ್ಲ, ಉದ್ದೇಶವೇನೆಂಬುದನ್ನು ಹೇಳುವ ಗೋಜಿಗೆ ವಕೀಲರು ಹೋಗಲೂ ಇಲ್ಲ. ಕೊಲೆಯಾಯಿತೆನ್ನಲಾದ ಹೊತ್ತಿನ ಅನಂತರ ಕೂಸಿನ ಅಳು ಕೇಳಿತೆಂದು ಪಕ್ಕದ ಗುಡಾರದವರು ಹೇಳಿದುದು ಅರಣ್ಯರೋದನವಾಯಿತು. ಪಥಶೋಧಕರ ಮಾತಿಗೆ, ಮೊಕದ್ದಮೆ ನಡೆದ ಡಾರ್ವಿನ್ ನಗರದ ನ್ಯಾಯಾಲಯದಲ್ಲಿ, ತಕ್ಕ ಮನ್ನಣೆ ಸಿಗಲಿಲ್ಲ. 1982ರ ಅಕ್ಟೋಬರ್ 29ರಂದು ಪಂಚರು ಆಕೆಯನ್ನು ದೋಷಿಯೆಂದರು. ತುಂಬು ಗರ್ಭಿಣಿಯಾಗಿದ್ದ ಆಕೆಗೆ ಜೀವಾವಧಿ ಸೆರೆಯಾಯಿತು. ಮೇಲಿನ ನ್ಯಾಯಾಲಯಗಳೆರಡೂ ಮೇಲ್ಮನವಿಯನ್ನು ತಳ್ಳಿಹಾಕಿದುವು.

ಲೋಕಾಪವಾದವೆಂದರೆ ನಮ್ಮವರಿಗೆ ಉತ್ತರಕಾಂಡ ನೆನಪಾಗುವುದು ಸಹಜ. ಆದರೆ ಅಲ್ಲಿಯ ರಾಜನಿಗೆ ಸೀತೆ ಪರಿಶುದ್ಧಳೆಂಬುದು ಗೊತ್ತಿತ್ತು, ಗೊತ್ತಿದ್ದೂ ಅವನು ಜನರ ಬಾಯಿಗೆ ಅಂಜಿದನು. ಡಾರ್ವಿನ್ನಿನ ಪಂಚರಿಗೆ ಅಂತಹ ಅಳುಕಿರಲಿಲ್ಲ. ಎರಡು ವರ್ಷಗಳಿಂದ ಪತ್ರಿಕೆಗಳಲ್ಲಿ ಓದಿದುದನ್ನೇ ಪ್ರಯೋಗಶಾಲೆಯ ಪರಿಭಾಷೆಯಲ್ಲಿ ಮತ್ತೊಮ್ಮೆ ಕೇಳಿ, ಅವರು ಅದನ್ನು ಪ್ರಾಮಾಣಿಕವಾಗಿಯೇ ನಂಬಿರಬೇಕು.

1986ರ ಫೆಬ್ರವರಿಯಲ್ಲಿ, ಆ ಬಂಡೆಯಿಂದ ಬಿದ್ದು ಸತ್ತ ಪ್ರವಾಸಿಯೊಬ್ಬನ ದೇಹಕ್ಕಾಗಿ ಹುಡುಕುತ್ತಿದ್ದವರಿಗೆ, ಡಿಂಗೊಗಳ ಬಿಲಗಳಿರುವ ಕಡೆಯಲ್ಲಿ, ಕೂಸು ತೊಟ್ಟಿದ್ದ ಚಿಕ್ಕ ಅಂಗಿಯೊಂದು ಸಿಕ್ಕಿತು. ಅಂತಹ ಅಂಗಿಯಿತ್ತೆಂದು ತಾಯಿ ಮೊದಲಿನಿಂದಲೂ ಹೇಳುತ್ತಿದ್ದಳು. ಅದು ಸುಳ್ಳೆಂಬುದು ಸರ್ಕಾರಿ ಪಕ್ಷದ ವಾದವಾಗಿತ್ತು. ಕೆಲವೇ ದಿನಗಳಲ್ಲಿ ಆಕೆಯ ಬಿಡುಗಡೆಯಾಯಿತು. ನ್ಯಾಯಮೂರ್ತಿ ಮಾರ್ಲಿಂಗ್ ನಡೆಸಿದ ತನಿಖೆಯಲ್ಲಿ, ಕಾರಿನೊಳಗಿನ ಶಿಶುರಕ್ತವೆಂದು ಪ್ರಸಿದ್ಧವಾಗಿದ್ದುದರ ಒಂದು ಮುಖ್ಯ ಭಾಗವು ಕಾರ್ಖಾನೆಯಲ್ಲಿ ಸದ್ದನ್ನು ತಗ್ಗಿಸಲು ಸಿಂಪಡಿಸಿದ ಲೇಪದ ತುಂತುರು ಎಂಬುದು ಬೆಳಕಿಗೆ ಬಂದಿತು. 1988ರಲ್ಲಿ ಆಕೆಯ ಶಿಕ್ಷೆ ರದ್ದಾಯಿತು. ಡಿಂಗೊ ಕೂಸನ್ನು ಒಯ್ದುದೇ ಸಾವಿಗೆ ಕಾರಣವೆಂಬ ಅಧಿಕೃತ ನಿರ್ಣಯಕ್ಕೆ ಮಾತ್ರ 2012ರ ಜೂನ್ 12ರವರೆಗೆ, ನಾಲ್ಕನೆಯ ಮರಣ ವಿಚಾರಣೆಯವರೆಗೆ, ಕಾಯಬೇಕಾಯಿತು.

ಜನರು ಇಷ್ಟು ಹಟದಿಂದ ನಂಬಿದುದೇಕೆ? ಡಿಂಗೊ ಮನುಷ್ಯನ ಮೇಲೆ ಬೀಳದು ಎಂಬ ನಗರವಾಸಿಗಳ ಭ್ರಮೆ ಒಂದು ಕಾರಣ; ಆ ವರ್ಷವೇ ಅದೇ ಸ್ಥಳದಲ್ಲಿ ಮತ್ತೊಂದು ಮಗುವಿನ ಮೇಲೆ ಡಿಂಗೊ ಎರಗಿತ್ತು, ವನಾಧಿಕಾರಿಗಳು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಇನ್ನೂ ಆಳವಾದ ಕಾರಣವೆಂದರೆ, ಅಕಾರಣವಾದ ಕೇಡನ್ನು ಮನಸ್ಸು ಸಹಿಸಲಾರದು. ಯಾವ ತಪ್ಪೂ ಮಾಡದವರ ಕೂಸನ್ನು ಒಂದು ನಾಯಿ ಹೊತ್ತೊಯ್ಯಬಹುದಾದರೆ ನನ್ನ ಮನೆಯ ಕೂಸಿಗೂ ರಕ್ಷೆಯಿಲ್ಲ. ತಾಯಿಯೇ ಕೊಂದಳೆಂದರೆ, ನಾನು ಅಂಥವಳಲ್ಲವಾದುದರಿಂದ, ನನ್ನ ತೊಟ್ಟಿಲು ಸುರಕ್ಷಿತ. ನಮ್ಮಲ್ಲಿ 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೂ ಬೀದರ ಜಿಲ್ಲೆಯ ಮುರ್ಕಿಯಲ್ಲಿಯೂ ನಿರಪರಾಧಿಗಳನ್ನು ಜನ ಬಡಿದು ಕೊಂದಾಗ, ಕಾಣೆಯಾದ ಮಗುವೇ ಇರಲಿಲ್ಲ. ಭಯ ಮಾತ್ರ ಇತ್ತು, ಅದಕ್ಕೊಂದು ಮುಖ ಬೇಕಾಗಿತ್ತು.

ಈ ವೃತ್ತಾಂತವನ್ನು ಕುರಿತು 1988ರಲ್ಲಿ ಫ್ರೆಡ್ ಸ್ಕೆಪ್ಸಿ ನಿರ್ದೇಶಿಸಿದ ಚಲನಚಿತ್ರದಲ್ಲಿ ಮೆರಿಲ್ ಸ್ಟ್ರೀಪ್ ತಾಯಿಯ ಪಾತ್ರವನ್ನು ಪ್ರೇಕ್ಷಕರ ಮೆಚ್ಚುಗೆಯನ್ನು ಬೇಡದೆ ನಿರ್ವಹಿಸಿದ್ದಾಳೆ. ನಡುನಡುವೆ ಮನೆಗಳಲ್ಲಿ ಪಾನಗೃಹಗಳಲ್ಲಿ ತೀರ್ಪು ಹೇಳುತ್ತ ಕುಳಿತ ಜನರನ್ನು ತೋರಿಸುವ ಕ್ರಮವೂ ಸೊಗಸಾದುದು. ಆದರೂ ಆ ತಾಯಿಯ ಕೂಗು ಮುಂದೆ ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ನಗೆಮಾತಾಗಿ ಬಳಕೆಯಾಯಿತು. ಚಿತ್ರಕ್ಕೆ ಆಧಾರವಾದ ಜಾನ್ ಬ್ರೈಸನ್ನನ ‘ಈವಿಲ್ ಏಂಜಲ್ಸ್’ ಎಂಬ ಗ್ರಂಥ ಅದಕ್ಕಿಂತ ದೊಡ್ಡ ಕೃತಿ. ವಕೀಲನಾಗಿದ್ದ ಆತ ಸಾಕ್ಷ್ಯವನ್ನು ತಾಳ್ಮೆಯಿಂದ ಪರಿಶೀಲಿಸುತ್ತಾನೆ. ನಮ್ಮ ಪತ್ರಿಕೋದ್ಯಮದ ತರಗತಿಗಳಲ್ಲಿ ಇದನ್ನು ಓದಿಸಬೇಕೆಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಓದಿಸುವಾಗ, ಅದು ಅಚ್ಚಾದುದು 1985ರಲ್ಲಿ, ಲಿಂಡಿ ಇನ್ನೂ ಡಾರ್ವಿನ್ನಿನ ಸೆರೆಮನೆಯಲ್ಲಿದ್ದಾಗ, ಎಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸಬೇಕು.