ಎಂಟು ಡಿಗ್ರಿಯ ಗ್ರೀನ್‌ಲ್ಯಾಂಡ್

ಟ್ಯೂಡರ್ ರೇಂಜರ್ ವಾಚಿನ ಜಾಹೀರಾತು ನೋಡ್ತಾ ಕೂತರೆ ಕಂಬಳಿ ಹೊದ್ದುಕೊಳ್ಳೋಣ ಅನ್ನಿಸುತ್ತೆ. ಕಣ್ಣು ಹಾಯಿಸಿದಲ್ಲೆಲ್ಲ ಹಿಮ. 2022ರಲ್ಲಿ ಈ ವಾಚು ಬಂದಾಗ ಅದರ ಬೆನ್ನಿಗೆ ಒಂದು ಕತೆ ಇತ್ತು: 1952ರ ಜುಲೈನಲ್ಲಿ ಬ್ರಿಟಿಷ್ ಉತ್ತರ ಗ್ರೀನ್‌ಲ್ಯಾಂಡ್ ಯಾತ್ರೆ ಹೊರಟು 70 ವರ್ಷ ಆಯ್ತು, ಆ ತಂಡದ ಜೊತೆ ಟ್ಯೂಡರ್‌ನ 26 ಆಯ್‌ಸ್ಟರ್ ಪ್ರಿನ್ಸ್ ವಾಚುಗಳು ಹೋಗಿದ್ದವು. ಕತೆ ನಿಜವೇ. ನನ್ನ ತಕರಾರು ಬೇರೆ. ಆ ಕತೆಯಲ್ಲಿ ನಿಜಕ್ಕೂ ದೊಡ್ಡದಾಗಿದ್ದು ಚಳಿ ಅಲ್ಲ, ಲೆಕ್ಕ ಇಟ್ಟಿದ್ದು. ಕೊಳ್ಳುವವರ ತಲೆಯಲ್ಲಿ ಉಳಿಯೋದು ಮಾತ್ರ ಬರೀ ಚಳಿ.

ಆ ಯಾತ್ರೆ ಪ್ರವಾಸವಾಗಿರಲಿಲ್ಲ. ನೌಕಾಪಡೆಯ ಕಮಾಂಡರ್ ಜೇಮ್ಸ್ ಸಿಂಪ್ಸನ್ ನೇತೃತ್ವದಲ್ಲಿ ಎರಡು ವರ್ಷ, ಒಟ್ಟು 30 ಜನ ಅಲ್ಲಿ ಹಿಮದ ದಪ್ಪ ಅಳೆದರು, ಹವಾಮಾನ ದಾಖಲಿಸಿದರು, ಬಂಡೆಗಳನ್ನ ಪರಿಶೀಲಿಸಿದರು. ಹಿಮದ ಹಾಸಿನ ನಡುವೆ ಅವರು ಕಟ್ಟಿದ ನಾರ್ತ್‌ಐಸ್ ಕೇಂದ್ರದಲ್ಲಿ 1954ರ ಜನವರಿ 9ರಂದು ತಾಪಮಾನ ಮೈನಸ್ 66.1 ಡಿಗ್ರಿಗೆ ಇಳಿದಿತ್ತು. ವಾಚು ಕಟ್ಟಿಕೊಂಡವರಿಗೆ ಇನ್ನೊಂದು ಕೆಲಸವೂ ಇತ್ತು. ರೇಡಿಯೋದಲ್ಲಿ ಬಿಬಿಸಿಯ ಸಮಯದ ಸಂಕೇತ ಬಂದಾಗ ತಮ್ಮ ವಾಚು ಎಷ್ಟು ಹಿಂದಿದೆ, ಎಷ್ಟು ಮುಂದಿದೆ ಅಂತ ಪುಸ್ತಕದಲ್ಲಿ ಬರೆದಿಡೋದು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಪ್ರೊಡಕ್ಷನ್‌ನಲ್ಲೇ ಟೆಸ್ಟಿಂಗ್, ಅದೂ ಲಾಗ್ ಸಮೇತ.

ಸೆಕೆಂಡಿಗೆ ಅಷ್ಟೊಂದು ಬೆಲೆ ಯಾಕೆ? ಗುರುತೇ ಇಲ್ಲದ ಬಿಳಿ ಬಯಲಲ್ಲಿ ನಾನೆಲ್ಲಿದ್ದೀನಿ ಅಂತ ತಿಳಿಯೋಕೆ ಆಗ ಇದ್ದ ದಾರಿ ಸೂರ್ಯ, ನಕ್ಷತ್ರ ಮತ್ತು ಸರಿಯಾದ ಸಮಯ. ಭೂಮಿ 4 ಸೆಕೆಂಡಿಗೆ ರೇಖಾಂಶದ ಒಂದು ಮಿನಿಟಿನಷ್ಟು ತಿರುಗುತ್ತೆ. ಸಮಭಾಜಕದಲ್ಲಿ ಅದು ಸುಮಾರು 1.85 ಕಿಲೋಮೀಟರ್. ನಾರ್ತ್‌ಐಸ್ ಇದ್ದ 78 ಡಿಗ್ರಿ ಉತ್ತರದಲ್ಲಿ ಸುಮಾರು 385 ಮೀಟರ್. ದಿನಕ್ಕೆ 4 ಸೆಕೆಂಡ್ ತಪ್ಪೋ ವಾಚನ್ನ ಹತ್ತು ದಿನ ರೇಡಿಯೋ ಇಲ್ಲದೆ ನಂಬಿದರೆ ನಾಲ್ಕು ಕಿಲೋಮೀಟರ್ ಹತ್ತಿರ ಹತ್ತಿರ ದಾರಿ ತಪ್ಪಿರುತ್ತೆ. ಟೆಂಟಲ್ಲಿ ಉಳಿದಿರೋ ಊಟ ನೋಡಿಕೊಂಡು ನಡೆಯೋನಿಗೆ ಅದು ಸಣ್ಣ ದೂರ ಅಲ್ಲ.

ಇನ್ನು ಚಳಿಯ ವಿಚಾರ. ಕೀಲಿ ವಾಚಿಗೆ ಚಳಿ ಎರಡು ಕಡೆಯಿಂದ ಹೊಡೆಯುತ್ತೆ. ಒಳಗಿನ ಎಣ್ಣೆ ಗಟ್ಟಿಯಾಗಿ ಚಕ್ರಗಳು ಎಳೆದಾಡ್ತವೆ. ಕೂದಲೆಳೆಯಂಥ ಸ್ಪ್ರಿಂಗು ಬಿಗಿಯಾಗಿ ವಾಚು ಓಡೋಕೆ ಶುರು ಮಾಡುತ್ತೆ. ಹಳೇ ಕಾಲದ ಉಕ್ಕಿನ ಸ್ಪ್ರಿಂಗಾದರೆ ಒಂದು ಡಿಗ್ರಿ ಬದಲಾದರೆ ದಿನಕ್ಕೆ ಸುಮಾರು 10 ಸೆಕೆಂಡ್ ವ್ಯತ್ಯಾಸ. ತಾಪಮಾನಕ್ಕೆ ಬಗ್ಗದ ನಿಕ್ಕಲ್-ಉಕ್ಕಿನ ಮಿಶ್ರಲೋಹ ಕಂಡುಹಿಡಿದ ಷಾರ್ಲ್ ಗೀಯೋಮ್‌ಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಕೊಟ್ಟಿದ್ದು ಸುಮ್ಮನೆ ಅಲ್ಲ. ರೇಂಜರ್‌ನಲ್ಲಿ ಇರೋದು ಸಿಲಿಕಾನ್ ಸ್ಪ್ರಿಂಗು, ಅದೇ ಸಮಸ್ಯೆಗೆ ಇನ್ನೂ ಹೊಸ ಉತ್ತರ.

ಆದರೆ ಎಲ್ಲಕ್ಕಿಂತ ದೊಡ್ಡ ರಕ್ಷಣೆ ಸ್ವಿಟ್ಜರ್‌ಲ್ಯಾಂಡಿನಿಂದ ಬಂದಿದ್ದಲ್ಲ, ಮನುಷ್ಯನ ಮೈಯಿಂದ ಬಂದಿದ್ದು. ಹೊರಗೆ ಮೈನಸ್ 40 ಇದ್ದರೂ ನಾಲ್ಕು ಪದರ ಉಣ್ಣೆಯ ತೋಳೊಳಗೆ, ಚರ್ಮಕ್ಕೆ ಅಂಟಿಕೊಂಡ ವಾಚಿಗೆ ಮೈನಸ್ 40 ಗೊತ್ತೇ ಆಗಲ್ಲ. ಮನುಷ್ಯ ಬೆಚ್ಚಗಿದ್ದರೆ ವಾಚೂ ಬೆಚ್ಚಗೆ.

ಈಗ ಸರ್ಟಿಫಿಕೇಟ್ ನೋಡಿ. ರೇಂಜರ್‌ನ ಯಂತ್ರಕ್ಕೆ ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರ ಇದೆ. 15 ದಿನ, 5 ಭಂಗಿ, 3 ತಾಪಮಾನ. ಆ ಮೂರು ಯಾವುವು ಗೊತ್ತಾ? 8, 23 ಮತ್ತು 38 ಡಿಗ್ರಿ. ಕನಿಷ್ಠ 8! ನಮ್ಮ ಬೀದರ್‌ನವರು ಚಳಿಗಾಲದ ಬೆಳಗ್ಗೆ ಅಷ್ಟು ಚಳಿಯಲ್ಲೇ ಚಹಾ ಕುಡಿಯೋಕೆ ಹೊರಡ್ತಾರೆ. ದಿನನಿತ್ಯದ ಬಳಕೆಗೆ ಈ ಪರೀಕ್ಷೆ ಸಾಕು, ಅದರಲ್ಲಿ ಮೋಸ ಇಲ್ಲ. ಆದರೆ ಗ್ರೀನ್‌ಲ್ಯಾಂಡ್ ಹೆಸರಲ್ಲಿ ಮಾರೋ ವಾಚಿನ ಪ್ರಮಾಣಪತ್ರ 8 ಡಿಗ್ರಿಗೇ ನಿಂತುಬಿಡುತ್ತೆ ಅನ್ನೋದನ್ನ ಕೊಳ್ಳೋನು ತಿಳಿದಿರಬೇಕು.

ಇನ್ನೂ ಒಂದು. ಆ 26 ವಾಚುಗಳು ನೋಡೋಕೆ ರೇಂಜರ್ ಥರ ಇರಲೇ ಇಲ್ಲ. ಅವು ತಿಳಿ ಬಣ್ಣದ ಡಯಲ್ಲಿನ, ಮೇಷ್ಟ್ರು ಕಟ್ಟಿಕೊಳ್ಳಬಹುದಾದಂಥ ಸಾದಾ ವಾಚುಗಳು. ಕಪ್ಪು ಡಯಲ್, ದಪ್ಪ 3-6-9-12, ಬಾಣದಂಥ ಗಂಟೆ ಮುಳ್ಳು, ಇದೆಲ್ಲ 1960ರ ದಶಕದ ರೇಂಜರ್‌ನಿಂದ ಬಂದದ್ದು. ಒಂದು ವಾಚಿನ ಮುಖಕ್ಕೆ ಇನ್ನೊಂದು ವಾಚಿನ ಜಾತಕ ಅಂಟಿಸಿದ್ದಾರೆ.

ನನ್ನನ್ನ ಹೆಚ್ಚು ಕಾಡಿದ್ದು ಅದೂ ಅಲ್ಲ. ಅದೇ ಆಯ್‌ಸ್ಟರ್ ಪ್ರಿನ್ಸ್ ವಾಚಿಗೆ 1950ರ ದಶಕದಲ್ಲಿ ಟ್ಯೂಡರ್ ಇನ್ನೊಂದು ಜಾಹೀರಾತು ಸರಣಿ ಮಾಡಿತ್ತು. ಕೈಯಿಂದ ಕಲ್ಲಿದ್ದಲು ಅಗೆಯೋ ಕಾರ್ಮಿಕನ ಕೈಗೆ 252 ಗಂಟೆ ಕಟ್ಟಿದರು. ಗಾಳಿ ಒತ್ತಡದ ಡ್ರಿಲ್ ಹಿಡಿಯೋನ ಕೈಗೆ 30 ಗಂಟೆ ಕಟ್ಟಿದರು. ವಾಚು ನಡೀತಾನೇ ಇತ್ತು ಅಂತ ಹೆಮ್ಮೆಯಿಂದ ಹೇಳಿಕೊಂಡರು. ನಮ್ಮೂರ ಹತ್ತಿರದ ಕಲ್ಲು ಕ್ವಾರಿಯಲ್ಲಿ ಡ್ರಿಲ್ ಹಿಡಿದು ಬಂದವರ ಕೈ, ಸಂಜೆ ಟೀ ಲೋಟ ಹಿಡಿದರೂ ನಡುಗ್ತಾ ಇದ್ದದ್ದನ್ನ ನೋಡಿ ಬೆಳೆದವನು ನಾನು. ವಾಚಿಗೆ ಅದಕ್ಕಿಂತ ಕಠಿಣ ಪರೀಕ್ಷೆ ನನಗಂತೂ ಹೊಳೆಯಲ್ಲ. ಆದರೂ 2022ರಲ್ಲಿ ಹಬ್ಬ ಆಗಿದ್ದು ಗ್ರೀನ್‌ಲ್ಯಾಂಡಿಗೆ, ಗಣಿಗಲ್ಲ. ಕಾರಣ ಸರಳ. ಬಿಡುಗಡೆಯಾದಾಗ ಅಮೆರಿಕದಲ್ಲಿ ಇದರ ಬೆಲೆ ಸುಮಾರು 2,700 ಡಾಲರಿನಿಂದ ಶುರು, ಅಂದರೆ ಎರಡು ಲಕ್ಷ ರೂಪಾಯಿಗೂ ಮೇಲೆ. ಅಷ್ಟು ದುಡ್ಡು ಕೊಡೋ ನಮ್ಮಂಥವರಿಗೆ ಹಿಮಯಾತ್ರಿಕನ ಥರ ಕಾಣೋ ಆಸೆ ಇದೆ, ಕ್ವಾರಿ ಕೆಲಸದವನ ಥರ ಕಾಣೋ ಆಸೆ ಇಲ್ಲ.

ಇಷ್ಟೆಲ್ಲ ಬೈದ ಮೇಲೆ ವಾಚಿನ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ರೇಂಜರ್ ಒಳ್ಳೇ ವಾಚು. 39 ಮಿಲಿಮೀಟರ್, ತಾರೀಖಿನ ಕಿಟಕಿ ಇಲ್ಲ, ಅನಗತ್ಯ ಹೊಳಪಿಲ್ಲ, ಒಂದು ಕ್ಷಣಕ್ಕೆ ಸಮಯ ಓದಬಹುದು. ಶುಕ್ರವಾರ ಸಂಜೆ ಬಿಚ್ಚಿಟ್ಟರೆ 70 ಗಂಟೆ ಓಡುತ್ತೆ, ಸೋಮವಾರ ಬೆಳಗ್ಗೆ ಮತ್ತೆ ಸಮಯ ಹೊಂದಿಸೋ ಕೆಲಸ ಇಲ್ಲ. ಉಕ್ಕಿನ ಪಟ್ಟಿಯ ಕೊಂಡಿಯನ್ನ ಯಾವ ಸಲಕರಣೆ ಇಲ್ಲದೆ 8 ಮಿಲಿಮೀಟರ್‌ವರೆಗೆ ಹಿಗ್ಗಿಸಬಹುದು. ಬೇಸಿಗೆಯಲ್ಲಿ ಕೈ ಊದಿಕೊಳ್ಳೋ ನಮ್ಮೂರಿಗೆ ಇದು ಸಿಲಿಕಾನ್ ಸ್ಪ್ರಿಂಗಿಗಿಂತ ಹೆಚ್ಚು ಉಪಯೋಗ. ಜೋಡಿಸಿದ ವಾಚು ದಿನಕ್ಕೆ ಮೈನಸ್ 2ರಿಂದ ಪ್ಲಸ್ 4 ಸೆಕೆಂಡಿನೊಳಗೆ ಇರುತ್ತೆ ಅಂತ ಕಂಪನಿಯೇ ಹೇಳುತ್ತೆ. ಬೆಂಗಳೂರಲ್ಲಿ ಎರಡು ಮೀಟಿಂಗ್ ನಡುವೆ ಬದುಕೋನಿಗೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಹಾಗಾಗಿ ಇಷ್ಟ ಆದರೆ ಧಾರಾಳವಾಗಿ ಕೊಳ್ಳಿ, ಇಎಂಐ ಹಾಕಿಸದೆ ಆಗೋದಾದರೆ. ಕೊಂಡ ಮೇಲೆ ಒಂದು ಕೆಲಸ ಮಾಡಿ. ಒಂದು ತಿಂಗಳು ದಿನಾ ಬೆಳಗ್ಗೆ ಫೋನಿನ ಸಮಯದ ಜೊತೆ ಹೋಲಿಸಿ, ಎಷ್ಟು ಸೆಕೆಂಡ್ ಹಿಂದೆ ಮುಂದೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆಯಿರಿ. ಕಂಪನಿಯ ಮಾತು ನಿಜವೋ ಅಲ್ಲವೋ ಅಂತ ನಿಮ್ಮ ಕೈಬರಹದಲ್ಲೇ ತಿಳಿಯುತ್ತೆ. 1952ರಲ್ಲಿ ಹೋದವರು ಮಾಡಿದ್ದೂ ಇದನ್ನೇ.